ಕೆಲ್ಸ್‌ವಿಕ್ ಗೇಟಿನ ಆಚೆ ಈಚೆ

"ಅದನ್ನ ಅಲ್ಲೇ ಇಡಿ. ಈಗಲೇ."

ಮೇವಿಸ್ ಥರ್ಲ್‌ಬಿಯ ಕೈಯಲ್ಲಿ ಸಲಿಕೆ ಇತ್ತು. ಇಬ್ಬನಿಗೆ ಬೂಟು ನೆನೆದಿತ್ತು, ಕೂದಲು ಅರ್ಧ ಬಾಚಿ ಅರ್ಧ ಹಾಗೇ ಬಿಟ್ಟಿತ್ತು. ಎದುರಿಗೆ, ಗೇಟಿನ ಕಂಬದ ಪಕ್ಕ, ಎತ್ತರದ ಗಂಡಸೊಬ್ಬ ಕಲ್ಲಿನ ಅನಾನಸ್ ಹಣ್ಣೊಂದನ್ನು ಮಗುವಿನ ಹಾಗೆ ಎದೆಗವಚಿಕೊಂಡು ನಿಂತಿದ್ದ. ಕಂಬದ ಅಲಂಕಾರವಾಗಿದ್ದ ಅದು ಫೆಬ್ರವರಿಯ ಗಾಳಿಗೆ ತುದಿಯಿಂದ ಉರುಳಿ, ಅಂದಿನಿಂದ ತುರಚಿ ಗಿಡಗಳ ನಡುವೆ ಬಿದ್ದುಕೊಂಡಿತ್ತು.

"ಇಡೋ ಹಾಗಿದ್ರೆ ಯಾವಾಗಲೋ ಇಡ್ತಿದ್ದೆ," ಎಂದ ಅವನು ಹಲ್ಲು ಕಚ್ಚಿಕೊಂಡು. "ಕೆಳಗೆ ನನ್ನ ಕಾಲಿದೆ."

"ಕದಿಯೋಕೆ ಬಂದವರ ಕಾಲು ಮುರಿದ್ರೆ ನನಗೇನೂ ಬೇಜಾರಿಲ್ಲ. ಹೋದ ವರ್ಷ ಲಾಯದ ಛಾವಣಿಯ ಸೀಸದ ತಗಡು ಹೋಯ್ತು, ಈಗ ಇದು."

"ಕದಿಯೋನು ಮೇಲಕ್ಕೆ ಹತ್ತಿಸ್ತಾನೇನ್ರೀ? ಆ ಕಡೆ ನೋಡಿ."

ನೋಡಿದಳು. ಕಂಬಕ್ಕೆ ಏಣಿ ಒರಗಿಸಿತ್ತು. ಏಣಿಯ ತುದಿಯಲ್ಲಿ ಗಾರೆಯ ಬಕೆಟ್ಟು ತೂಗುತ್ತಿತ್ತು. ಮೇವಿಸ್‌ಳ ಕಿವಿ ಬಿಸಿಯಾಯಿತು.

"ಏಣಿ ಸ್ವಲ್ಪ ಹಿಡ್ಕೊಂಡ್ರೆ," ಎಂದ ಅವನು, ಮುಖ ಕೆಂಪೇರಿ ಉಸಿರು ಕಟ್ಟುತ್ತಿದ್ದರೂ ಕಣ್ಣಲ್ಲಿ ನಗು ತುಂಬಿಕೊಂಡು, "ಬೈಯೋದನ್ನ ಆಮೇಲೂ ಮುಂದುವರಿಸಬಹುದು."

ಸಲಿಕೆ ಎಸೆದು ಏಣಿ ಹಿಡಿದಳು. ಅವನು ಒಂದೊಂದೇ ಮೆಟ್ಟಿಲು ಹತ್ತಿ, ಅನಾನಸನ್ನು ಕಂಬದ ನೆತ್ತಿಯಲ್ಲಿ ಕೂರಿಸಿ, ಸುತ್ತ ಗಾರೆ ಮೆತ್ತಿದ. ಕೆಳಗಿಳಿದವನು ಅವಳನ್ನು ನೋಡಿ ತಡೆದು ನಿಂತ. ಅವಳ ತಲೆಗೂದಲ ಮೇಲೆ ಗಾರೆಯ ಬಿಳಿ ಚೂರುಗಳು ಉದುರಿದ್ದವು. ಅವನ ಕೈ ತಾನಾಗಿ ಮೇಲೆದ್ದಿತು. ಮರುಕ್ಷಣವೇ ಏನೋ ನೆನಪಾದಂತೆ ಅದನ್ನು ಹಿಂದೆಳೆದುಕೊಂಡು ತನ್ನ ತಲೆಯನ್ನೇ ಮುಟ್ಟಿ ತೋರಿಸಿದ. ಮೇವಿಸ್ ಕೂದಲು ಕೊಡವಿಕೊಂಡಳು. ಆ ಹಿಂದೆಳೆದುಕೊಂಡ ಕೈ ಮಾತ್ರ ಅವಳಿಗೆ ಯಾಕೋ ದಿನವಿಡೀ ಕಣ್ಣ ಮುಂದೆ ಇತ್ತು.

"ಐವರ್ ರಡ್ಕಿನ್. ಆ ಕಡೆ ಗೇಟುಮನೆಗೆ ಬಂದಿದ್ದೀನಿ. ಮಿಸ್ಟರ್ ಡೆಂಟನ್ ಹತ್ರ ಕೆಲಸ. ಹಳೇ ಲಾಯ ಕೆಡವಬೇಕಂತೆ."

"ಕೆಡವೋಕೆ ಬಂದವರು ಕಂಬ ಯಾಕೆ ರಿಪೇರಿ ಮಾಡ್ತಿದ್ದೀರ?"

"ದಾರೀಲಿ ಬಿದ್ದಿತ್ತಲ್ಲ, ನೋಡೋಕೆ ಆಗ್ಲಿಲ್ಲ." ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ. "ಇನ್ನೊಂದು ಮಾತು ನಾನೇ ಹೇಳಿಬಿಡ್ತೀನಿ. ಅಂಗಡೀಲಿ ಯಾರೋ ಹೇಳಿ ನಿಮಗೆ ಗೊತ್ತಾಗೋದು ಬೇಡ. ಹಾಲ್ ಕೆಡವಿದ್ರಲ್ಲ, ಆ ತಂಡದಲ್ಲಿ ನಾನೂ ಇದ್ದೆ. ಹತ್ತೊಂಬತ್ತು ವರ್ಷ ಆಗ."

ಮೇವಿಸ್ ಎಸೆದಿದ್ದ ಸಲಿಕೆಯನ್ನು ಎತ್ತಿಕೊಂಡಳು. ಅವಳ ಬೆನ್ನ ಹಿಂದೆ, ಅವರ ಮನೆಯ ಕಿಟಕಿಯ ಪರದೆ ಅಲುಗಾಡಿತು. ಅಪ್ಪ ಕೇಳಿಸಿಕೊಂಡಿದ್ದ.

ಕೆಲ್ಸ್‌ವಿಕ್ ಹಾಲ್ ಎಂಬ ಶ್ರೀಮಂತರ ಬಂಗಲೆ ನೆಲಸಮವಾಗಿ ಇಪ್ಪತ್ತು ವರ್ಷವಾಗಿತ್ತು. ಗೇಟು ಹಾಗೇ ಇತ್ತು. ಗೇಟಿನ ಎಡಬಲಕ್ಕೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಎರಡು ಪುಟ್ಟ ಮನೆಗಳಿದ್ದವು. ನಡುವಿನ ದಾರಿ ಲಿಂಡನ್ ಮರಗಳ ನೆರಳಲ್ಲಿ ಗತ್ತಿನಿಂದ ಅರ್ಧ ಮೈಲಿ ಸಾಗಿ, ಕೊನೆಗೆ ಹನ್ನೆರಡು ಕಲ್ಲುಮೆಟ್ಟಿಲು ಹತ್ತಿ, ಎಲ್ಲಿಗೂ ಹೋಗದೆ ನಿಂತುಬಿಡುತ್ತಿತ್ತು. ಮೆಟ್ಟಿಲ ಮೇಲೆ, ಈಗ ಈ ಜಮೀನಿನ ಒಡೆಯನಾದ ರೈತ ಡೆಂಟನ್‌ನ ಕುರಿಗಳು ಬಿಸಿಲು ಕಾಯಿಸುತ್ತಿದ್ದವು. ಅದರಾಚೆ ಲಾಯ, ಚರ್ಚು, ಒಂದು ಕೆರೆ. ಇನ್ನು ನಾಲ್ಕೂ ಕಡೆ ಎತ್ತರದ ಇಟ್ಟಿಗೆ ಗೋಡೆಯಿರುವ ತೋಟ.

ಆ ತೋಟ ಮೇವಿಸ್‌ಳ ಅಪ್ಪ ಆಂಬ್ರೋಸ್‌ನದು. ಕಾಗದದ ಮೇಲೆ ಡೆಂಟನ್‌ನದೇ. ಆದರೆ ಹಾಲ್‌ನ ಕೊನೆಯ ಹೆಡ್ ಗಾರ್ಡನರ್ ಆಗಿದ್ದ ಆಂಬ್ರೋಸ್, ಮನೆ ಹೋದ ಮೇಲೂ ತೋಟ ಬಿಡಲಿಲ್ಲ. ಈಗ ಅವನ ಬೆನ್ನು ಬಗ್ಗಿದೆ, ಮಗಳೇ ಅಗೆಯುತ್ತಾಳೆ, ಬಿತ್ತುತ್ತಾಳೆ. ಬುಧವಾರ ಶನಿವಾರ ಲೌತ್ ಪೇಟೆಯಲ್ಲಿ ಸ್ವೀಟ್ ಪೀ, ಡೇಲಿಯಾ ಹೂ ಮಾರುತ್ತಾಳೆ. ಅವಳಿಗೆ ಮೂವತ್ಮೂರು. ಹಿಂದೊಮ್ಮೆ ಬೀಜದ ಕಂಪನಿಯ ಸೇಲ್ಸ್‌ಮನ್ ಒಬ್ಬ ಉಂಗುರ ಕೊಟ್ಟಿದ್ದ. ಲೆಸ್ಟರ್‌ಗೆ ಹೋಗೋಣ, ನಿನ್ನ ಅಪ್ಪನಿಗೆ ವೃದ್ಧಾಶ್ರಮ ನೋಡೋಣ ಎಂದಿದ್ದ. ಉಂಗುರ ಅಂಚೆಯಲ್ಲಿ ವಾಪಸ್ ಹೋಗಿತ್ತು.

* * *

ಹೊಸ ನೆರೆಯವನು ಬಂದ ವಾರಕ್ಕೆ ಬಾಗಿಲು ತಟ್ಟಿದ. ಕೈಯಲ್ಲಿ ತಣ್ಣನೆಯ ಪೋರ್ಕ್ ಪೈ ಇತ್ತು, ಮುಖದಲ್ಲಿ ಸೋಲು.

"ಮಿಸ್ ಥರ್ಲ್‌ಬಿ, ಒಂದು ವ್ಯಾಪಾರದ ಮಾತು. ನನ್ನ ಮನೇಲಿ ಒಲೆ ಇಲ್ಲ. ಏಳು ದಿನದಿಂದ ಇದನ್ನೇ ತಿಂತಿದ್ದೀನಿ. ಆದ್ರೆ ಬಾತ್‌ಟಬ್ ಇದೆ. ಹಿಂದೆ ಇದ್ದ ಹಸು ನೋಡ್ಕೊಳ್ಳೋನಿಗೆ ಅಂತ ಡೆಂಟನ್ ಹಾಕಿಸಿದ್ದು. ನಲ್ಲಿ ತಿರುಗಿಸಿದ್ರೆ ಬಿಸಿನೀರು."

"ಅದಕ್ಕೆ?"

"ನಿಮ್ಮ ಹಿತ್ತಲಲ್ಲಿ ಗೋಡೆಗೆ ತಗಡಿನ ಟಬ್ ನೇತುಹಾಕಿರೋದು ನೋಡಿದೆ."

ಮೇವಿಸ್ ಹುಬ್ಬೇರಿಸಿದಳು. "ಬೇರೆಯವರ ಹಿತ್ತಲು ನೋಡೋ ಅಭ್ಯಾಸ ಇದೆಯಾ?"

"ಟಬ್ ಮಾತ್ರ ನೋಡಿದ್ದು." ಈಗ ಅವನ ಕಿವಿ ಕೆಂಪಾಗುವ ಸರದಿ. "ಶನಿವಾರ ನನ್ನ ಮನೇಲಿ ಸ್ನಾನ ನಿಮ್ಮದು. ದಿನಾ ರಾತ್ರಿ ನಿಮ್ಮ ಮನೇಲಿ ಊಟ ನನ್ನದು. ಏನಂತೀರ?"

ಒಳಗಿನಿಂದ ಆಂಬ್ರೋಸ್‌ನ ದನಿ ಗುಡುಗಿತು. "ಆ ಮನುಷ್ಯನಿಗೆ ಹೇಳು ಮೇವಿಸ್, ಈ ಮನೆ ಒಲೆ ಮೇಲೆ ಅವನಿಗೆ ನೀರೂ ಕಾಯಿಸಲ್ಲ ಅಂತ!"

"ಅಡುಗೆ ಮಾಡೋಳು ನಾನು ಅಪ್ಪ. ನೀನು ಹೇಳೋದು ಉಪ್ಪು ಜಾಸ್ತಿ ಆಯ್ತು ಅಂತ ಮಾತ್ರ." ಅವಳು ಐವರ್‌ನ ಕೈಯಿಂದ ಪೈ ತೆಗೆದುಕೊಂಡು ವಾಸನೆ ನೋಡಿ ಮುಖ ಸಿಂಡರಿಸಿದಳು. "ಇದು ಕೋಳಿಗೂ ಬೇಡ. ಆರು ಗಂಟೆಗೆ ಬನ್ನಿ. ಬೂಟು ಹೊರಗೆ ಬಿಡಬೇಕು."

ಹೀಗೆ ಶುರುವಾಯಿತು. ಆಂಬ್ರೋಸ್ ತನ್ನ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು, ಬಂದವನಿಗೆ ಬೆನ್ನು ಹಾಕಿ ಉಣ್ಣುತ್ತಿದ್ದ. ಅವನೊಡನೆ ಒಂದು ಮಾತಿಲ್ಲ. ಏನಾದರೂ ಬೇಕಿದ್ದರೆ ಮಗಳ ಮೂಲಕ.

"ಸಾಸಿವೆ ಆ ಮನುಷ್ಯನ ಹತ್ರ ಇದೆ ಅಂತ ಕಾಣುತ್ತೆ."

"ಕೊಡ್ತೀರಾ ಮಿಸ್ಟರ್ ರಡ್ಕಿನ್? ನನ್ನ ಅಪ್ಪ ಕಿಟಕಿಗೆ ಹೇಳ್ತಿದ್ದಾರೆ."

ಐವರ್ ಎದ್ದು ಹೋಗಿ ಸಾಸಿವೆ ಡಬ್ಬಿಯನ್ನು ಕಿಟಕಿಯ ಅಂಚಿನ ಮೇಲಿಟ್ಟು, "ಕಿಟಕಿಯವರೇ, ತಗೊಳ್ಳಿ," ಎಂದು ಬಂದು ಕೂತ. ಮೇವಿಸ್ ಬಾಯಿಗೆ ಕರವಸ್ತ್ರ ಒತ್ತಿ ಹಿಡಿದಳು. ಮುದುಕನ ಹೆಗಲು ಒಮ್ಮೆ ಕುಲುಕಿದ ಹಾಗಾಯಿತು. ಕೆಮ್ಮಿರಬಹುದು.

ಶನಿವಾರ ಬಂತು. ಮೇವಿಸ್ ಟವೆಲ್ಲು ಸೋಪು ಹಿಡಿದು ದಾರಿ ದಾಟಿದಳು. ಐವರ್ ಬಾಗಿಲ ಕೀಲಿ ಅವಳ ಕೈಗಿತ್ತು, ಹೊರಗೆ ನಿಂತಿದ್ದ ತನ್ನ ವ್ಯಾನಿನ ಮೆಟ್ಟಿಲ ಮೇಲೆ ರಸ್ತೆ ಕಡೆ ಮುಖ ಮಾಡಿ ಕೂತ.

"ಮಿಸ್ಟರ್ ರಡ್ಕಿನ್," ಒಳಗಿನಿಂದ ಕೂಗು ಬಂತು. "ಸಿಳ್ಳೆ ಹಾಕೋಕೆ ಬರುತ್ತಾ?"

"ಬರುತ್ತೆ. ಯಾಕೆ?"

"ಹಾಕ್ತಾ ಇರಿ. ನೀವು ಎಲ್ಲಿದ್ದೀರ ಅಂತ ನನಗೆ ಗೊತ್ತಾಗ್ಬೇಕು."

ಅವನು ಹಾಕಿದ. ಗೊತ್ತಿದ್ದ ಹಾಡೆಲ್ಲ ಮುಗಿದವು. ಚರ್ಚಿನ ಸ್ತೋತ್ರಗಳೂ ಮುಗಿದವು. ಒಳಗೆ ನೀರಿನ ಸದ್ದು, ನಡುನಡುವೆ ಅವಳ ಗುನುಗು. ಕೊನೆಗೆ ಅವಳು ಹೊರಬಂದಾಗ ಮುಖ ಸೇಬಿನಂತೆ ಕೆಂಪಾಗಿತ್ತು, ಒದ್ದೆ ಕೂದಲು ಬೆನ್ನ ಮೇಲೆ ಹರಡಿ ಅಂಗಿಯನ್ನು ನೆನೆಸುತ್ತಿತ್ತು. ಐವರ್ ತಿರುಗಿ ನೋಡಿದ. ನೋಡುತ್ತಲೇ ಉಳಿದ. ತುಟಿ ಇನ್ನೂ ಸಿಳ್ಳೆಯ ಆಕಾರದಲ್ಲೇ ಇತ್ತು, ಸದ್ದು ಮಾತ್ರ ನಿಂತುಹೋಗಿತ್ತು.

"ತುಟಿ ನೋಯ್ತಿದೆಯಾ?" ಎಂದಳು ಅವಳು ಮುಗ್ಧವಾಗಿ.

"ಇಲ್ಲ," ಎಂದ ಅವನು. ಸುಳ್ಳು.

ಆ ಹೊತ್ತಿಗೆ ಅಂಚೆಯವನು ಸೈಕಲ್ ಮೇಲೆ ಹೋದ. ಸೋಮವಾರದ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಮೇವಿಸ್ ತಲೆ ಕೆಡಿಸಿಕೊಳ್ಳಲಿಲ್ಲ. ಆಂಬ್ರೋಸ್ ಮಾತ್ರ ತಗಡಿನ ಟಬ್ಬನ್ನೇ ಅಗ್ಗಿಷ್ಟಿಕೆಯ ಮುಂದೆ ಎಳೆಸಿಕೊಂಡು, ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು, ಹಟದಿಂದ ಅದರಲ್ಲೇ ಸ್ನಾನ ಮಾಡಿದ.

* * *

ಮೇ ತಿಂಗಳ ಒಂದು ಸಂಜೆ ಊಟದ ನಂತರ ಅವರಿಬ್ಬರೂ ದಾರಿಯ ಕೊನೆವರೆಗೆ ನಡೆದುಹೋದರು. ಕುರಿಗಳನ್ನು ಎಬ್ಬಿಸಿ ಮೆಟ್ಟಿಲ ಮೇಲೆ ಕೂತರು. ಮುಂದೆ, ಹಾಲ್ ಇದ್ದ ಜಾಗದಲ್ಲಿ, ಹುಲ್ಲು ಮೊಣಕಾಲುದ್ದ ಬೆಳೆದಿತ್ತು.

"ನಿಮಗೊಂದು ವಿಷಯ ಹೇಳ್ಲಾ?" ಎಂದಳು ಮೇವಿಸ್. "ಅಪ್ಪನಿಗೆ ಯಾವತ್ತೂ ಹೇಳಿಲ್ಲ. ಕೆಡವುವಾಗ ನಾನು ದಿನಾ ಬಂದು ನೋಡ್ತಿದ್ದೆ. ಚಿಕ್ಕೋಳಿದ್ದಾಗಿಂದ ಈ ಮನೆಗೆ ಹೂ ತಂದುಕೊಡ್ತಿದ್ದೆ ನಾನು. ಹಿಂಬಾಗಿಲಿಂದ. ಅಡುಗೆಮನೆ ದಾಟಿ ಒಳಗೆ ಒಂದು ದಿನಾನೂ ಬಿಟ್ಟಿರ್ಲಿಲ್ಲ. ಆಮೇಲೆ ನೀವುಗಳು ಮುಂದಿನ ಗೋಡೆ ಬೀಳಿಸಿದ್ರಿ. ಎಲ್ಲಾ ಕೋಣೆ ಒಟ್ಟಿಗೇ ಕಾಣಿಸ್ತು! ಮೇಲ್ಗಡೆ ಗುಲಾಬಿ ಕಾಗದ ಅಂಟಿಸಿದ ಒಂದು ಕೋಣೆ ಇತ್ತು. ಆಕಾಶಕ್ಕೆ ತೆರೆದುಕೊಂಡು, ಬಿಸಿಲು ಬಿದ್ದು... ನನಗೆ ಕುಣಿಯೋ ಹಾಗಾಯ್ತು. ಮನೆಗೆ ಹೋದ್ರೆ ಅಪ್ಪ ಅಳ್ತಿದ್ರು. ನಾನೇ ಕೆಡವಿದೆನೇನೋ ಅನ್ನಿಸ್ತು."

ಐವರ್ ಒಂದು ಹುಲ್ಲುಕಡ್ಡಿ ಕಿತ್ತು ಬೆರಳಿಗೆ ಸುತ್ತಿಕೊಂಡ.

"ಆ ಗುಲಾಬಿ ಕೋಣೆ ನನ್ನ ಪಾಲಿಗೆ ಬಂದಿತ್ತು," ಎಂದ. "ಒಂದು ಹುಡುಗಿ ಮರದ ಕೆಳಗೆ ನಿಂತು ನೋಡ್ತಿದ್ದಳು. ನೆಲ ಗುಡಿಸೋ ಅಷ್ಟು ಉದ್ದದ ಗಂಡಸರ ಕೋಟು ಹಾಕ್ಕೊಂಡು. ಪಾಪ, ಆ ಕೋಣೆ ಅವಳದ್ದೇ ಇರ್ಬೇಕು ಅಂದ್ಕೊಂಡೆ. ಮೇಸ್ತ್ರಿಗೆ ತೊಲೆ ಸರಿಯಿಲ್ಲ ಅಂತ ಸುಳ್ಳು ಹೇಳಿ ಆ ಗೋಡೇನ ಒಂದು ದಿನ ಹಾಗೇ ಬಿಟ್ಟೆ."

ಮೇವಿಸ್ ಅವನ ಕಡೆ ತಿರುಗಿದಳು. "ಅಪ್ಪನ ಕೋಟು ಅದು," ಎಂದಳು ಮೆಲ್ಲಗೆ.

ಇಬ್ಬರ ಕೈಗಳೂ ಒಂದೇ ಮೆಟ್ಟಿಲ ಮೇಲಿದ್ದವು. ಒಂದು ಕಿರುಬೆರಳು ಇನ್ನೊಂದನ್ನು ತಾಗಿತು. ಯಾರೂ ಸರಿಸಲಿಲ್ಲ. ಒಂದು ಕುರಿ ಬಂದು ನಡುವೆ ಮೂತಿ ತೂರಿಸಿದ್ದರಿಂದ ಇಬ್ಬರೂ ನಕ್ಕು ಎದ್ದರು.

* * *

ಜೂನ್ ಮೊದಲ ಬುಧವಾರ ಮೇವಿಸ್ ಲೌತ್‌ನಿಂದ ಬಸ್ಸಿಳಿದು ಸೀದಾ ತೋಟಕ್ಕೆ ಹೋದಳು. ಬಾಗಿಲಲ್ಲೇ ಕಾಲು ನಿಂತುಹೋಯಿತು.

ಪೀಚ್ ಮರ ಹಬ್ಬಿಸಿದ್ದ ಗೋಡೆಯಲ್ಲಿ ದೊಡ್ಡ ತೆರವು. ಮೂವತ್ತು ಅಡಿ ಉದ್ದಕ್ಕೆ ಗೋಡೆಯೇ ಇರಲಿಲ್ಲ. ಆಚೆಯ ಹೊಲ ಬೆತ್ತಲಾಗಿ ಕಾಣುತ್ತಿತ್ತು. ಅಪ್ಪ ನೆಟ್ಟು, ಬೀಸಣಿಗೆಯ ಹಾಗೆ ಗೋಡೆಗೆ ಹಬ್ಬಿಸಿ ಬೆಳೆಸಿದ್ದ ಪೀಚ್ ಮರವನ್ನು ಮೊಳೆಗಳಿಂದ ಬಿಡಿಸಿ ಗಳುಗಳಿಗೆ ಕಟ್ಟಿ ನಿಲ್ಲಿಸಿತ್ತು. ಇಟ್ಟಿಗೆ ರಾಶಿಯ ನಡುವೆ ಐವರ್ ನಿಂತಿದ್ದ, ಕೈಯಲ್ಲಿ ಹಾರೆ.

"ಮೇವಿಸ್, ಕೇಳಿ..."

"ಒಂದು ಮನೆ ಸಾಲಲಿಲ್ಲವಾ ನಿಮಗೆ?" ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ನನ್ನ ಒಲೆ ಮುಂದೆ ಕೂತು ಉಂಡ್ರಿ. ದಿನಾ ನನ್ನ ಮುಖ ನೋಡ್ಕೊಂಡು ಉಂಡ್ರಿ!"

"ಡೆಂಟನ್ ಇವತ್ತು ಬೆಳಿಗ್ಗೆ ತಾನೇ..."

"ಡೆಂಟನ್ ಹೆಸರು ಹೇಳ್ಬೇಡಿ. ಹಾರೆ ನಿಮ್ಮ ಕೈಯಲ್ಲಿದೆ."

ಅವಳು ಖಾಲಿ ಹೂಬುಟ್ಟಿಯನ್ನು ಅವನ ಕಾಲ ಬಳಿ ಎಸೆದು ಹೊರಟುಹೋದಳು. ಆ ಸಂಜೆ ಆರು ಗಂಟೆಗೆ ಬಾಗಿಲ ಚಿಲಕ ಹಾಕಿತ್ತು. ಹೊರಗೆ ಹೆಜ್ಜೆ ಸದ್ದು ಬಂತು, ಸ್ವಲ್ಪ ಹೊತ್ತು ನಿಂತಿತು, ಮರಳಿ ಹೋಯಿತು. ಅವಳು ಮಾಡಿದ್ದ ಕುರಿಮಾಂಸದ ಸ್ಟ್ಯೂ ಯಾರೂ ತಿನ್ನದೆ ಆರಿತು.

ಶನಿವಾರ ಅವಳು ದಾರಿ ದಾಟಲಿಲ್ಲ. ಆಚೆ ಮನೆಯಿಂದ ಸಿಳ್ಳೆಯೂ ಕೇಳಲಿಲ್ಲ. ತಗಡಿನ ಟಬ್ಬಿನಲ್ಲಿ ಮೊಣಕಾಲು ಮಡಚಿ ಕೂತು ಅವಳು ಅತ್ತಳು. ಗೋಡೆಗಾಗಿ ಎಂದುಕೊಂಡಳು. ಗೋಡೆಗಾಗಿ ಅಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಆಂಬ್ರೋಸ್ ಮಾತ್ರ ವಿಚಿತ್ರವಾಗಿ ಸುಮ್ಮನಿದ್ದ. ದಿನಾ ಬೆಳಿಗ್ಗೆ ಕೋಲೂರಿಕೊಂಡು ತೋಟಕ್ಕೆ ಹೋಗುವನು. ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು, ಆ ಮನುಷ್ಯನ ಕೆಲಸ ನೋಡುವನು. ಮಂಗಳವಾರ ಮಧ್ಯಾಹ್ನ ಮನೆಗೆ ಬಂದು, ಕುರ್ಚಿಯನ್ನು ಕಿಟಕಿಯಿಂದ ಮೇಜಿನ ಕಡೆ ತಿರುಗಿಸಿದ.

"ಮೇವಿಸ್. ಕೆಡವೋನು ಸುಣ್ಣ ಯಾಕೆ ನೆನೆಸ್ತಾನೆ?"

"ಏನಪ್ಪ?"

"ಪೀಪಾಯಿಯಲ್ಲಿ ಸುಣ್ಣ ನೆನೆಹಾಕಿದ್ದಾನೆ. ಇಟ್ಟಿಗೆ ಒಂದೊಂದನ್ನೂ ಉಜ್ಜಿ ಜೋಡಿಸಿದ್ದಾನೆ. ತಳಪಾಯ ಅಗೆದು ಕಲ್ಲು ತುಂಬಿದ್ದಾನೆ. ನಾನು ಹೋಗಿ ಸುಣ್ಣ ತೆಳ್ಳಗಾಯ್ತು ಅಂದೆ."

"ನೀನು ಅವರ ಜೊತೆ ಮಾತಾಡಿದ್ಯಾ?"

"ತೆಳ್ಳಗಿತ್ತು, ಹೇಳ್ದೆ. ಬಿಡೋಕಾಗುತ್ತಾ?" ಮುದುಕ ಮೂಗೊರೆಸಿಕೊಂಡ. "ಆ ಗೋಡೆ ವಾಲಿತ್ತು ಕಣಮ್ಮ. ನಾನೂ ನೋಡಿದ್ದೆ, ನಿನಗೆ ಹೇಳಿರ್ಲಿಲ್ಲ. ಡೆಂಟನ್ ಯಂತ್ರ ತರಿಸಿ ಪೂರ್ತಿ ಉರುಳಿಸೋಕೆ ಹೊರಟಿದ್ದನಂತೆ ಅವತ್ತೇ. ಯಾರ ತಲೆ ಮೇಲಾದ್ರೂ ಬಿದ್ರೆ ಅವನೇ ತಾನೇ ಉತ್ತರ ಕೊಡ್ಬೇಕು. ಇವನು ಅಡ್ಡ ನಿಂತು, ವಾಲಿದ ಭಾಗ ಬಿಚ್ಚಿ ನೆಟ್ಟಗೆ ಕಟ್ಟಿಕೊಡ್ತೀನಿ, ಕೂಲಿ ಬೇಡ, ಆಗಸ್ಟ್ ಸುಗ್ಗಿವರೆಗೆ ಟೈಮ್ ಕೊಡಿ ಅಂದಿದ್ದಾನೆ. ಡೆಂಟನ್ ಮನಸ್ಸು ಬದಲಾಯಿಸೋಕೆ ಮುಂಚೆ ಕೆಲಸ ಶುರು ಮಾಡ್ಬಿಟ್ಟಿದ್ದಾನೆ."

ಮೇವಿಸ್ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಇನ್ನೊಂದು ಕೇಳ್ದೆ," ಎಂದ ಆಂಬ್ರೋಸ್, ತನ್ನ ಕೈಗಳನ್ನೇ ನೋಡಿಕೊಳ್ಳುತ್ತ. "ಅವತ್ತು ಹಾಲ್ ಛಾವಣಿ ಮೇಲೆ ನಿಂತು ನೀವೆಲ್ಲ ನಗ್ತಿದ್ರಿ. ನನಗೆ ಇಲ್ಲೀವರೆಗೆ ಕೇಳಿಸ್ತಿತ್ತು. ಯಾಕೆ ನಗ್ತಿದ್ರಿ ಅಂತ. ಅವನು ಟೋಪಿ ತೆಗೆದ. ಹೆದರಿಕೆಗೆ ಸರ್, ಅಂದ. ಅಷ್ಟು ಎತ್ತರ ಅದಕ್ಕೆ ಮುಂಚೆ ಯಾರೂ ಹತ್ತಿರ್ಲಿಲ್ಲ. ಕಾಲು ನಡುಗ್ತಿತ್ತು. ನಗದೇ ಇದ್ರೆ ಅಳ್ತಿದ್ವಿ ಅಂದ." ಬೆರಳಿಂದ ಮೇಜಿನ ಅಂಚು ಉಜ್ಜಿದ. "ಇಪ್ಪತ್ತು ವರ್ಷ ನಾನು ಆ ನಗು ಕೇಳಿಸ್ಕೊಂಡೇ ಮಲಗಿದ್ದೀನಿ. ಮಕ್ಕಳು ಹೆದರಿದ್ರು ಅಂತ ನನಗೆ ಹೊಳೀಲೇ ಇಲ್ಲ."

ಆಮೇಲೆ ಎದ್ದ. ಬಾಗಿಲ ಹಿಂದಿನ ಮೊಳೆಯಿಂದ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ.

"ಎಲ್ಲಿಗಪ್ಪ?"

"ಸ್ನಾನಕ್ಕೆ. ಅವನ ಮನೇಲಿ ಕಾಲು ಚಾಚೋಕೆ ಜಾಗ ಇದೆಯಂತಲ್ಲ." ಹೊಸ್ತಿಲಲ್ಲಿ ತಿರುಗಿದ. "ನೀನು ತೋಟಕ್ಕೆ ಹೋಗು. ಅವನು ಮಧ್ಯಾಹ್ನದ ಊಟ ತಂದಿಲ್ಲ."

* * *

ಅವಳು ಬ್ರೆಡ್ಡು, ಚೀಸು, ಫ್ಲಾಸ್ಕಿನಲ್ಲಿ ಟೀ ತೆಗೆದುಕೊಂಡು ಹೋದಳು. ಐವರ್ ಗೋಡೆಯ ಮೊದಲ ಸಾಲು ಇಡುತ್ತಿದ್ದ. ತಲೆ ಎತ್ತಲಿಲ್ಲ.

"ನಾನು ಬಹಳ ಕೆಟ್ಟ ಮಾತು ಆಡಿದೆ," ಎಂದಳು.

"ಹೂಂ. ಬುಟ್ಟಿನೂ ಎಸೆದ್ರಿ."

"ಪೆಟ್ಟಾಯ್ತಾ?"

"ಕಾಲಿಗಲ್ಲ."

ಅವಳು ಅವನ ಪಕ್ಕದಲ್ಲಿ ಮಣ್ಣಿನ ಮೇಲೆಯೇ ಕೂತಳು. "ಮೊದಲೇ ಹೇಳ್ಬಹುದಿತ್ತಲ್ಲ. ಬಾಗಿಲು ಒಡೆದಾದ್ರೂ ಹೇಳ್ಬಹುದಿತ್ತು."

"ನಾನು ಒಡೆಯೋನು ಅಂತ ನೀವು ಅಂದಿದ್ರಿ. ಒಡೆದು ಅದನ್ನೇ ನಿಜ ಮಾಡ್ಲಾ?" ಕೊನೆಗೂ ನೋಡಿದ. ರೆಪ್ಪೆಗಳ ಮೇಲೆ ಸುಣ್ಣದ ಧೂಳಿತ್ತು. "ಅಲ್ಲದೆ, ಕಟ್ಟಿ ಮುಗಿಸಿ ತೋರಿಸೋಣ ಅಂತಿದ್ದೆ. ಮಾತಲ್ಲಿ ನಾನು ಅಷ್ಟಕ್ಕಷ್ಟೇ."

ಈ ಸಲ ಕೈ ಎತ್ತಿದವಳು ಅವಳು. ಹೆಬ್ಬೆರಳಿಂದ ಅವನ ರೆಪ್ಪೆಯ ಧೂಳನ್ನು ಒರೆಸಿದಳು, ಒಂದು ಕಣ್ಣು, ಆಮೇಲೆ ಇನ್ನೊಂದು. ಅವನು ಕೈಯಲ್ಲಿದ್ದ ಇಟ್ಟಿಗೆಯನ್ನು ಕೆಳಗಿಟ್ಟ.

"ಟೀ ಆರುತ್ತೆ, ಐವರ್," ಎಂದಳು. ಅವನ ಹೆಸರು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ಅವನು ಒಂದು ಕಪ್ ಟೀಯನ್ನು ಅರ್ಧ ಗಂಟೆ ಕುಡಿದ.

ಆ ಬೇಸಿಗೆ ಗೋಡೆ ಮೇಲೇರಿತು. ಹಗಲೆಲ್ಲ ಅವನು ಲಾಯ ಬಿಚ್ಚುತ್ತಿದ್ದ, ಸಂಜೆಯ ದೀರ್ಘ ಬೆಳಕಿನಲ್ಲಿ ಗೋಡೆ ಕಟ್ಟುತ್ತಿದ್ದ. ಮೇವಿಸ್ ಇಟ್ಟಿಗೆ ಕೊಡುವಳು. ಆಂಬ್ರೋಸ್ ಬಕೆಟ್ಟಿನ ಸಿಂಹಾಸನದಿಂದ ತಪ್ಪು ಹುಡುಕುವನು.

"ಎಡಗಡೆ ಉಬ್ಬಿದೆ!"

"ಇಲ್ಲ ಸರ್, ತೂಗುಗುಂಡಿನ ದಾರ ಹಿಡಿದು ನೋಡಿದ್ದೀನಿ."

"ನನ್ನ ಕಣ್ಣೇ ದಾರ ಕಣೋ. ಉಬ್ಬಿದೆ!"

ಎರಡು ಇಟ್ಟಿಗೆ ತೆಗೆದು ಮತ್ತೆ ಇಟ್ಟರು. ಇಟ್ಟಿಗೆ ಒಂದು ಕೈಯಿಂದ ಇನ್ನೊಂದಕ್ಕೆ ಹೋಗುವಾಗ ಬೆರಳುಗಳು ಬೇಕಾದ್ದಕ್ಕಿಂತ ಒಂದಿಷ್ಟು ಹೆಚ್ಚು ಹೊತ್ತು ಸೇರಿಕೊಂಡಿರುತ್ತಿದ್ದವು. ಆಂಬ್ರೋಸ್‌ನ ದಾರದಂಥ ಕಣ್ಣಿಗೆ ಅದು ಮಾತ್ರ ಕಾಣುತ್ತಿರಲಿಲ್ಲ.

ಆಗಸ್ಟ್ ಕೊನೆಗೆ ಡೆಂಟನ್ ಬಂದ. ಗೋಡೆಯ ಉದ್ದಕ್ಕೂ ನಡೆದ. ಬೂಟಿನಿಂದ ಒದ್ದು ನೋಡಿದ, ಭುಜ ಕೊಟ್ಟು ತಳ್ಳಿ ನೋಡಿದ. ಗೋಡೆ ಅಲ್ಲಾಡಲಿಲ್ಲ, ಅವನ ಭುಜ ನೋಯಿತು.

"ಇರ್ಲಿ ಬಿಡಿ," ಎಂದ. "ನನ್ನ ಹೆಂಡತಿಗೂ ನಿಮ್ಮ ಪೀಚ್ ಅಂದ್ರೆ ಇಷ್ಟ."

* * *

ಅದಾದ ಭಾನುವಾರ ಮಧ್ಯಾಹ್ನದ ಊಟಕ್ಕೆ ಐವರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಆಲೂಗಡ್ಡೆಯನ್ನು ತಟ್ಟೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ತಳ್ಳುತ್ತ ಕೂತಿದ್ದವನು ಕೊನೆಗೆ ಬಾಯಿಬಿಟ್ಟ.

"ಲಾಯದ ಕೆಲಸ ಮುಗೀತು. ಗ್ರಿಮ್ಸ್‌ಬಿಯಲ್ಲಿ ಹಳೇ ಸಿನಿಮಾ ಥಿಯೇಟರ್ ಒಂದು ಕೆಡವೋದಿದೆ. ನಾಳೆ ಹೊರಡ್ಬೇಕು."

ಆಂಬ್ರೋಸ್ ಮಗಳ ಮುಖ ನೋಡಿದ, ಆಮೇಲೆ ಅವನ ಮುಖ ನೋಡಿದ. ಚಮಚ ಕೆಳಗಿಟ್ಟ.

"ಕುಂಬಳಬಳ್ಳಿ ನೋಡ್ಬೇಕು," ಎಂದು ಎದ್ದ.

"ಪುಡಿಂಗ್ ಇದೆಯಪ್ಪ."

"ಕುಂಬಳಬಳ್ಳಿ ಕಾಯಲ್ಲ ಮೇವಿಸ್!" ಬಾಗಿಲು ಎಳೆದುಕೊಂಡು ಹೋಗಿಯೇ ಬಿಟ್ಟ.

ಮೇವಿಸ್ ಪಾತ್ರೆ ತೊಳೆಯಲು ನಿಂತಳು. ಐವರ್ ಪಕ್ಕಕ್ಕೆ ಬಂದು ಒರೆಸುವ ಬಟ್ಟೆ ಹಿಡಿದ.

"ಗ್ರಿಮ್ಸ್‌ಬಿ ದೂರವಾ?" ಎಂದಳು, ಅಲ್ಲಿಗೆ ನೂರು ಸಲ ಹೋಗಿಬಂದವಳು.

"ಹದಿನೆಂಟು ಮೈಲಿ."

"ನಿನ್ನ ಹತ್ರ ವ್ಯಾನ್ ಇದೆ."

"ಇದೆ."

"ಓಡುತ್ತಾ?"

"ಓಡುತ್ತೆ."

"ಹಾಗಿದ್ರೆ ಬೆಳಿಗ್ಗೆ ಹೋಗಿ ಸಂಜೆ ಬಂದ್ರೆ ಏನಾಗುತ್ತೆ?"

ಅವನು ಒಂದೇ ತಟ್ಟೆಯನ್ನು ಗುಂಡಗೆ ಗುಂಡಗೆ ಒರೆಸುತ್ತಿದ್ದ.

"ಆ ತಟ್ಟೆ ಒಣಗಿ ಎಷ್ಟೋ ಹೊತ್ತಾಯ್ತು, ಐವರ್."

"ಮೇವಿಸ್." ತಟ್ಟೆ ಕೆಳಗಿಟ್ಟ. "ಇಪ್ಪತ್ತು ವರ್ಷ ಕೆಡವಿದ್ದೇ ಕೆಡವಿದ್ದು. ಕೆಲಸ ಮುಗಿದ ಮೇಲೆ ಅಲ್ಲಿ ನೋಡೋಕೆ ಏನೂ ಉಳಿದಿರಲ್ಲ, ಅದಕ್ಕೆ ಹಿಂದೆ ತಿರುಗಿ ನೋಡೋ ಅಭ್ಯಾಸಾನೇ ಇಲ್ಲ ನನಗೆ. ಈ ಬೇಸಿಗೆ ಮಾತ್ರ... ರಾತ್ರಿ ಮಲಗಿದ್ರೆ ಈ ಕಡೆ ಕಿಟಕಿಯ ದೀಪ ಆರೋವರೆಗೆ ನನಗೆ ನಿದ್ದೆ ಬರಲ್ಲ. ಬೆಳಿಗ್ಗೆ ನಿಮ್ಮ ಚಿಮಣೀಲಿ ಹೊಗೆ ಕಂಡ್ರೆ ಎದ್ದಿದ್ದೀಯ ಅಂತ ಸಮಾಧಾನ. ಇದನ್ನ ಹೇಳೋಕೆ ನನಗೇನು ಹಕ್ಕಿದೆ? ನಿನ್ನ ಅಪ್ಪನ ಬದುಕನ್ನ ಕೆಡವಿದ ಕೈ ಇದು."

"ತೋರಿಸು."

ಅವನು ಗೊಂದಲದಿಂದ ಕೈ ಚಾಚಿದ. ಸುಣ್ಣ ತಿಂದು ಬೆರಳ ತುದಿಗಳು ಸೀಳಿದ್ದವು. ಮೇವಿಸ್ ಸೋಪಿನ ನೊರೆ ತುಂಬಿದ ತನ್ನ ಎರಡೂ ಕೈಗಳಲ್ಲಿ ಅದನ್ನು ಹಿಡಿದುಕೊಂಡಳು.

"ಉರಿಯುತ್ತಾ?"

"ಉರಿಯುತ್ತೆ."

"ಬಿಡ್ಲಾ?"

"ಬೇಡ."

ಅವಳು ನಕ್ಕಳು, ಕಣ್ಣು ತುಂಬಿಕೊಂಡೇ ನಕ್ಕಳು. "ನಾನೂ ಮೂರು ತಿಂಗಳಿಂದ ದೀಪ ಲೇಟಾಗಿ ಆರಿಸ್ತಿದ್ದೀನಿ, ದಡ್ಡ. ಸೀಮೆಣ್ಣೆ ಸುಮ್ಮನೆ ಸುಟ್ಟೆ ಅಂದ್ಕೊಂಡ್ಯಾ? ಹೋಗ್ಬೇಡ. ಹೋಗ್ಲೇಬೇಕು ಅಂದ್ರೆ ಸಂಜೆ ಊಟಕ್ಕೆ ಬಾ. ದಿನಾ ಬಾ. ಮುದುಕ ಆಗೋವರೆಗೆ ಬಾ."

ಅವನು ಮಾತಾಡಲು ಬಾಯಿ ತೆರೆದ. ಮಾತಲ್ಲಿ ಅವನು ಅಷ್ಟಕ್ಕಷ್ಟೇ. ಬಾಗಿ ಅವಳಿಗೆ ಮುತ್ತಿಟ್ಟ. ಅವಳ ನೊರೆಗೈಗಳು ಅವನ ಇಸ್ತ್ರಿ ಮಾಡಿದ ಅಂಗಿಯ ಬೆನ್ನ ಮೇಲೆ ಎರಡು ಒದ್ದೆ ಗುರುತು ಬಿಟ್ಟವು.

ಹೊರಗೆ, ಕುಂಬಳಬಳ್ಳಿಯ ಕಡೆಯಿಂದ ಕೂಗು ಕೇಳಿತು. "ಆಯ್ತಾ? ನನ್ನ ಪುಡಿಂಗ್ ಆರ್ತಿದೆ!"

* * *

ಸೆಪ್ಟೆಂಬರಿನ ಕೊನೆಯ ಭಾನುವಾರ, ಕೆರೆಯ ಬಳಿಯ ಚರ್ಚಿನಲ್ಲಿ ಎಂದೂ ಇಲ್ಲದ ಜನ. ಮದುವೆಗೆ ಮುಂಚೆ ಮೂರು ಭಾನುವಾರ ಓದುವ ಪ್ರಕಟಣೆ ಅವತ್ತು ಶುರು ಎಂದು ಅಂಗಡಿಯಲ್ಲಿ ಸುದ್ದಿಯಾಗಿತ್ತು. ಊರಿನಲ್ಲಿ ಆಂಬ್ರೋಸ್‌ನ ಕೋಪ ಗೊತ್ತಿಲ್ಲದವರಿರಲಿಲ್ಲ, ವರನ ಹಳೆಯ ಕೆಲಸ ಗೊತ್ತಿಲ್ಲದವರೂ ಇರಲಿಲ್ಲ. ಮೂವರೂ ಒಂದೇ ಬೆಂಚಿನ ಮೇಲೆ, ಮುದುಕ ನಡುವೆ, ಕೂತಿದ್ದರು.

ಪಾದ್ರಿ ಕನ್ನಡಕ ಏರಿಸಿಕೊಂಡು ಓದಿದರು. "ಈ ಊರಿನ ಮೇವಿಸ್ ಥರ್ಲ್‌ಬಿ ಮತ್ತು ಇದೇ ಊರಿನ ಐವರ್ ರಡ್ಕಿನ್ ಇವರ ವಿವಾಹಕ್ಕೆ ಇದು ಮೊದಲನೆಯ ಪ್ರಕಟಣೆ. ಇವರು ಒಂದಾಗಬಾರದು ಎನ್ನಲು ನ್ಯಾಯವಾದ ಕಾರಣ ಯಾರಿಗಾದರೂ ತಿಳಿದಿದ್ದರೆ, ಅದನ್ನು ಈಗ ಹೇಳತಕ್ಕದ್ದು."

ಅವರು ವಾಡಿಕೆಯಂತೆ ಒಂದು ಉಸಿರಿನಷ್ಟು ತಡೆದರು.

ಆಂಬ್ರೋಸ್ ಕೋಲೂರಿಕೊಂಡು ಎದ್ದು ನಿಂತ.

ಇಡೀ ಚರ್ಚು ತಿರುಗಿತು. ಬೆಂಚುಗಳು ಕಿರುಗುಟ್ಟಿದವು. ಪಾದ್ರಿಯ ಬಾಯಿ ತೆರೆದಂತೆಯೇ ಇತ್ತು. ಐವರ್‌ನ ಕೈ ಬೆಂಚಿನ ಅಂಚನ್ನು ಹಿಡಿಯಿತು. ಮೇವಿಸ್ ಅಪ್ಪನ ಕೋಟಿನ ತುದಿ ಹಿಡಿದಳು. "ಅಪ್ಪ..."

"ನೀನು ಸುಮ್ಮನಿರು," ಎಂದ ಆಂಬ್ರೋಸ್. ಗಂಟಲು ಸರಿಮಾಡಿಕೊಂಡ. ಬೆಂಚಿನಿಂದ ಬೆಂಚಿಗೆ ಎಲ್ಲರ ಮುಖವನ್ನೂ ನೋಡಿದ.

"ಕಾರಣ ಹೇಳೋ ಹಾಗಿದ್ರೆ ಈ ಊರಲ್ಲಿ ಹೇಳ್ಬೇಕಾದೋನು ನಾನೊಬ್ಬನೇ. ಅದು ನಿಮಗೂ ಗೊತ್ತು. ನಾನು ಸುಮ್ಮನೆ ಕೂತಿದ್ರೆ, ಮುದುಕನಿಗೆ ಕಿವಿ ಕೇಳಿಸ್ಲಿಲ್ಲ, ಮಗಳು ಬಾಯಿ ಮುಚ್ಚಿಸಿದ್ಲು ಅಂತ ಮಾತಾಡ್ಕೋತೀರ. ಅದಕ್ಕೇ ಎದ್ದು ನಿಂತು ಹೇಳ್ತಿದ್ದೀನಿ." ಅವನ ದನಿ ಒಮ್ಮೆ ಒಡೆಯಿತು, ಮತ್ತೆ ಗಟ್ಟಿಯಾಯಿತು. "ಇಲ್ಲ. ನನ್ನ ಹತ್ರ ಯಾವ ಕಾರಣಾನೂ ಇಲ್ಲ. ಮುಂದೆ ಓದಿ, ಪಾದ್ರಿಗಳೇ."

ಕೂತ. ಮೇವಿಸ್ ಅವನ ತೋಳಿಗೆ ಹಣೆ ಒತ್ತಿಕೊಂಡಳು, ಅವಳ ಹೆಗಲು ಅಲುಗುತ್ತಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಸೀಟಿದರು. ಪಾದ್ರಿ ಮುಂದಿನ ಸಾಲು ಸಿಗದೆ, ನೇರವಾಗಿ ಸ್ತೋತ್ರಕ್ಕೆ ಹೋದರು. ಆರ್ಗನ್ ಶುರುವಾಯಿತು.

ಎಲ್ಲರೂ ಎದ್ದು ನಿಂತರು. ಆಂಬ್ರೋಸ್ ಪುಸ್ತಕ ತೆರೆದು ಮುಖದ ಹತ್ತಿರ ಹಿಡಿದುಕೊಂಡ. ತಲೆಕೆಳಗಾಗಿ ಹಿಡಿದಿದ್ದ. ಐವರ್ ಮೆಲ್ಲನೆ ಕೈ ಚಾಚಿ ಅದನ್ನು ಸರಿಯಾಗಿ ತಿರುಗಿಸಿ, ಪುಟ ಹುಡುಕಿಕೊಟ್ಟ. ಮುದುಕ ಬೇಡವೆನ್ನಲಿಲ್ಲ. ಪುಸ್ತಕದ ಒಂದು ಅಂಚನ್ನು ಅವನ ಕೈಯಲ್ಲೇ ಬಿಟ್ಟು, ಅವನ ಜೊತೆ ಹಾಡತೊಡಗಿದ.